ಮೇಲಿನಿಂದ ನೋಡಿದ ಎಮ್ಮೆ

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಯಲ್ಲಿ ಒಂದು ಜಗಳ ಕಡ್ಡಾಯ. ಮನೆಯಲ್ಲಿರುವ ಸಾಮಾನಿನಲ್ಲಿ ಯಾವುದು ಆಯುಧ, ಯಾವುದು ಬರೀ ಕಸ ಎಂಬುದೇ ಅದರ ವಿಷಯ. ಈ ಸಲ ನನ್ನ ಹಳೆಯ ಡ್ರಾಯಿಂಗ್ ಡಬ್ಬಿಯನ್ನು ಒರೆಸುತ್ತಿದ್ದ ನನ್ನ ಹೆಂಡತಿ ಭಾಗ್ಯ, ಅದರ ತಳದಿಂದ ತುಕ್ಕು ಹಿಡಿದ ಅರ್ಧ ಬ್ಲೇಡೊಂದನ್ನು ಎರಡು ಬೆರಳಲ್ಲಿ ಎತ್ತಿ, "ಇದೂ ಆಯುಧವೇನ್ರೀ?" ಎಂದಳು.

"ಅದೇ ಕಣೇ ನಿಜವಾದ ಆಯುಧ. ಮಿಕ್ಕಿದ್ದೆಲ್ಲ ಅಲಂಕಾರ" ಎಂದೆ.

ಅವಳು ನನ್ನ ಮುಖವನ್ನೂ ಬ್ಲೇಡನ್ನೂ ಒಂದೊಂದು ಸಲ ನೋಡಿ, ಎರಡೂ ಒಂದೇ ಕಾಲದವು ಎಂದು ತೀರ್ಮಾನಿಸಿದವಳಂತೆ ಅದನ್ನು ಮಣೆಯ ಮೇಲೆ ಇಟ್ಟಳು.

ಈಗಿನ ಕಾಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ನಾನು ಪಾಂಡವಪುರದಲ್ಲಿ ಮನೆಗಳ ಪ್ಲಾನು ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಆಗ ನಕ್ಷೆಯನ್ನು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದೆವು. ತಪ್ಪಾದರೆ ರಬ್ಬರಿನ ಆಟ ನಡೆಯುತ್ತಿರಲಿಲ್ಲ. ಅರ್ಧ ಬ್ಲೇಡು ಹಿಡಿದು, ಉಸಿರು ಕಟ್ಟಿ, ಶಾಯಿಯನ್ನು ಮಾತ್ರ ಕೆರೆದು ತೆಗೆಯಬೇಕು. ಕೈ ಒಂಚೂರು ಜೋರಾದರೆ ಹಾಳೆಗೆ ತೂತು. ಹಾಗೆ ತೂತು ಬಿದ್ದ ಜಾಗಕ್ಕೆ ಒಂದು ಕಿಟಕಿಯನ್ನೇ ಇಟ್ಟು ಮಾನ ಉಳಿಸಿಕೊಂಡ ಪ್ರಸಂಗವೂ ಉಂಟು. ನಾಗಮಂಗಲದ ಒಂದು ಮನೆಯಲ್ಲಿ ಮೆಟ್ಟಿಲ ಕೆಳಗೆ, ಯಾರಿಗೂ ಬೇಡದ ಮೂಲೆಯಲ್ಲಿ, ಇವತ್ತಿಗೂ ಒಂದು ಪುಟ್ಟ ಕಿಟಕಿ ಇದೆ. ಮನೆಯವರು ಬಂದ ನೆಂಟರಿಗೆಲ್ಲ ಅದನ್ನು ತೋರಿಸಿ, "ಇಂಜಿನಿಯರು ಗಾಳಿ ಲೆಕ್ಕ ಆಕಿ ಮಡಗವ್ರೆ" ಎನ್ನುತ್ತಾರಂತೆ. ನಾನು ಆ ಕಡೆ ಹೋದಾಗ ಆ ಬೀದಿಯನ್ನು ತಪ್ಪಿಸಿ ಹೋಗುತ್ತೇನೆ.

ಅಳಿಸುವುದರಲ್ಲಿ ಮಾತ್ರ ನನ್ನದು ಚಿಕ್ಕಂದಿನಿಂದಲೂ ಎತ್ತಿದ ಕೈ. ಅರಕೆರೆಯ ಸ್ಕೂಲಿನಲ್ಲಿ ನಮಗೆಲ್ಲ ಸ್ಲೇಟು. ಶನಿವಾರ ಇದ್ದಿಲಿನ ಜೊತೆ ತೊಂಡೆಸೊಪ್ಪು ಅರೆದು ತಿಕ್ಕಿ ಅದನ್ನು ಕಪ್ಪು ಮಾಡುವುದು. ಸೋಮವಾರದಿಂದ ಎಂಜಲು ಹಾಕಿ ಮೊಣಕೈಯಲ್ಲಿ ಒರೆಸಿ ಅದನ್ನು ಬೆಳ್ಳಗೆ ಮಾಡುವುದು. "ಸರಸ್ವತಿ ಮಕುಕ್ಕೆ ಉಗೀತೀಯೇನ್ಲಾ ಬಡ್ಡೈದ್ನೆ" ಎಂದು ಮೇಷ್ಟ್ರು ಬೆತ್ತ ಎತ್ತುತ್ತಿದ್ದರು. ಆದರೆ ಮೇಷ್ಟ್ರು ಕೊಡುವ ಲೆಕ್ಕಕ್ಕಿಂತ ಅಳಿಸಿದ ಮೇಲೆ ಉಳಿಯುವ ಒದ್ದೆ ಕಪ್ಪೇ ನನಗೆ ಹೆಚ್ಚು ಚೆಂದ ಕಾಣುತ್ತಿತ್ತು. ಲೆಕ್ಕ ತಪ್ಪಾದರೂ ಸ್ಲೇಟು ಫಳಫಳ ಎನ್ನುತ್ತಿತ್ತಲ್ಲ, ಅಷ್ಟು ಸಾಕಾಗಿತ್ತು.

ಹೀಗೆ ಎಂಜಲಿನಿಂದ ಬ್ಲೇಡಿಗೆ ಬಡ್ತಿ ಪಡೆದ ನನಗೆ ಪಾಂಡವಪುರದಲ್ಲಿ ಒಂದು ಸಣ್ಣ ಕೀರ್ತಿಯೂ ಇತ್ತು. ಅದು ಬಂದದ್ದು ಎಮ್ಮೆಯಿಂದ. ನಮ್ಮ ಕಡೆ ಆಗ ಹೊಸ ಆರ್‌ಸಿಸಿ ಮನೆ ಕಟ್ಟಿಸುವವರೂ ಕೊಟ್ಟಿಗೆಯನ್ನು ಮನೆಗೆ ಅಂಟಿಸಿಕೊಂಡೇ ಇಡುತ್ತಿದ್ದರು. ಪ್ಲಾನಿನಲ್ಲಿ ಬೇರೆ ಡ್ರಾಫ್ಟ್ಸ್‌ಮನ್‌ಗಳು ಆ ಜಾಗದಲ್ಲಿ ಬರೀ 'ಕೊಟ್ಟಿಗೆ' ಎಂದು ಬರೆದು ಬಿಡುತ್ತಿದ್ದರು. ನಾನು ಅಲ್ಲೊಂದು ಎಮ್ಮೆ ಬರೆಯುತ್ತಿದ್ದೆ. ಪ್ಲಾನು ಎಂದರೆ ಸೂರು ತೆಗೆದು ಮೇಲಿನಿಂದ ನೋಡಿದ ಮನೆಯಲ್ಲವೇ? ಹಾಗಾಗಿ ಎಮ್ಮೆಯೂ ಮೇಲಿನಿಂದಲೇ. ಒಂದು ಉದ್ದನೆಯ ಹೊಟ್ಟೆ, ಹಿಂದಕ್ಕೆ ಬಾಗಿದ ಎರಡು ಕೊಂಬು, ಎರಡು ಕಿವಿ, ಒಂದು ಬಾಲ. ಅಳತೆಗೆ ಸರಿಯಾಗಿ, ಮನೆಗೆ ಎಷ್ಟೋ ಎಮ್ಮೆಗೂ ಅಷ್ಟೇ ಪ್ರಮಾಣ. ಗೋಡೆ ಕಿಟಕಿ ಅರ್ಥವಾಗದ ಮುದುಕರೂ ಆ ಎಮ್ಮೆಯನ್ನು ನೋಡಿ, "ಓ, ಇದು ಕೊಟ್ಗೆ. ಅಂಗಾರೆ ಇದು ನಡುಮನೆ" ಎಂದು ಅಲ್ಲಿಂದ ಮನೆಯನ್ನೆಲ್ಲ ಓದಿಕೊಂಡು ಹೋಗುತ್ತಿದ್ದರು. ಎಮ್ಮೆ ಬರೆಯೋ ಪುಟ್ಟಸ್ವಾಮಿ ಎಂದರೆ ಚಿನಕುರಳಿಯವರೆಗೂ ಗೊತ್ತಿತ್ತು.

ಈ ಕೀರ್ತಿಗೆ ಕಲ್ಲು ಬಿದ್ದದ್ದು ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದ ದಿನ.

ನನ್ನ ಯಜಮಾನರು ಇಂಜಿನಿಯರ್ ಶೇಷಾದ್ರಿಗಳು. ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವರು. ಬೆಳಿಗ್ಗೆ ಪೂಜೆ ಮುಗಿಸಿ, ನಾಮ ಎಳೆದುಕೊಂಡು, ಸ್ಕೂಟರಿನಲ್ಲಿ ಪಾಂಡವಪುರಕ್ಕೆ ಬರುವವರು. ಮೈಸೂರಿನ ಯಾರದೋ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಪ್ಲಾನು ಬರೆಯುವುದನ್ನು ನೋಡಿ ಬಂದವರೇ ತಾವೂ ಒಂದು ತರಿಸಿದರು. ಅದಕ್ಕೊಂದು ಮರದ ಗೂಡು, ಅದಕ್ಕೆ ಪರದೆ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಶುಕ್ರವಾರ ಪರದೆ ಸರಿಸಿ ಮಂಗಳಾರತಿ. ಮೊದಲ ಶುಕ್ರವಾರದ ಗಡಿಬಿಡಿಯಲ್ಲಿ ಫ್ಲಾಪಿಗೂ ಕುಂಕುಮ ಇಟ್ಟು, ಆ ಫ್ಲಾಪಿ ಮತ್ತೆ ಬಾಯಿ ಬಿಡಲೇ ಇಲ್ಲ.

"ನೋಡಯ್ಯಾ ಪುಟ್ಟಸ್ವಾಮಿ," ಎಂದರು, "ಇದು ತಪ್ಪು ಮಾಡೋದಿಲ್ಲ. ತಪ್ಪೇನಿದ್ರೂ ನಿಂದೇ."

ಈ ಒಂದು ವಾಕ್ಯ ಮುಂದೆ ನನ್ನ ಜೀವನಕ್ಕೆ ಎಷ್ಟು ಚೆನ್ನಾಗಿ ಒಪ್ಪಿತು ಎಂಬುದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಕಲಿಸಲು ಮೈಸೂರಿನಿಂದ ಒಬ್ಬ ಯುವಕ ಬಂದಿದ್ದ. ಮಾತು ಬಲು ಬಿರುಸು. ಪ್ಲಾನು ಬರೆಯುವ ಈ ಕ್ಯಾಡ್ ಎಂಬ ಪ್ರೋಗ್ರಾಮಿನಲ್ಲಿ ಗೆರೆ ಎಳೆಯುವುದಕ್ಕೊಂದು ಅಪ್ಪಣೆ, ಕತ್ತರಿಸುವುದಕ್ಕೊಂದು, ಹಿಗ್ಗಿಸುವುದಕ್ಕೊಂದು; ಎಲ್ಲವನ್ನೂ ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. "ಕೊನೆಗೆ ಒಂದು ಮುಖ್ಯವಾದದ್ದು ಹೇಳ್ತೀನಿ. ಮಾಡಿದ ತಪ್ಪನ್ನ ವಾಪಸ್ ತಗೊಳ್ಳೋಕೆ..." ಎಂದು ಅವನು ಬಾಯಿ ತೆರೆದ, ಕರೆಂಟು ಹೋಯಿತು. ಅವನಿಗೆ ಮೈಸೂರಿನ ಬಸ್ಸು ಹಿಡಿಯಬೇಕಿತ್ತು, ಹೊರಟುಹೋದ. ಬೇರೆಲ್ಲ ಮಾಡಲು ಕಲಿತು, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಕಲಿಯದೆ ನಾನು ಕಂಪ್ಯೂಟರಿನ ಮುಂದೆ ಕುಳಿತೆ.

ಮೊದಲ ದಿನ ಗೆರೆ ಎಳೆದೆ. ಅದು ಶುರುವಾಯಿತೇ ಹೊರತು ಮುಗಿಯಲಿಲ್ಲ. ಮೌಸು ಎಲ್ಲಿ ಹೋದರೆ ಗೆರೆಯೂ ಹಗ್ಗ ಬಿಚ್ಚಿದ ಕರುವಿನ ಹಾಗೆ ಹಿಂದೆಯೇ ಬಂತು. ನಿಲ್ಲಿಸಲು ಗೊತ್ತಿಲ್ಲದೆ ಸ್ವಿಚ್ಚು ಆರಿಸಿದೆ. ಎರಡನೆಯ ದಿನ ಒಂದು ಗೆರೆಯನ್ನು ಅಳಿಸಿದೆ, ಅದು ಅಲ್ಲೇ ಇತ್ತು. ಮತ್ತೆ ಅಳಿಸಿದೆ, ಮತ್ತೂ ಇತ್ತು. ರಕ್ತಬೀಜಾಸುರನ ವಂಶವೇ ಇರಬೇಕು ಎಂದುಕೊಂಡೆ. ನಿಜವೆಂದರೆ ನಾನೇ, ಶಾಯಿ ಸರಿಯಾಗಿ ಹತ್ತಲಿಲ್ಲವೇನೋ ಎಂಬ ಹಳೆಯ ಅಭ್ಯಾಸದಲ್ಲಿ, ಪ್ರತಿ ಗೆರೆಯನ್ನೂ ಅದರ ಮೇಲೇ ನಾಲ್ಕಾರು ಸಲ ಎಳೆದಿದ್ದೆ.

ಕತ್ತರಿಸುವ ಅಪ್ಪಣೆ ಇನ್ನೂ ವಿಚಿತ್ರ. ಅದು ಮೊದಲು ಯಾವ ಗೆರೆಯಿಂದ ಕತ್ತರಿಸಬೇಕು ಎಂದು ಕೇಳುತ್ತದೆ, ಆಮೇಲೆ ಯಾವುದನ್ನು ಕತ್ತರಿಸಬೇಕು ಎಂದು. ಸೌತೆಕಾಯಿ ಹೆಚ್ಚುವವರು ಯಾರಾದರೂ ಮೊದಲು ಈಳಿಗೆಮಣೆಗೆ ಕೈಮುಗಿದು ಪರಿಚಯ ಮಾಡಿಕೊಳ್ಳುತ್ತಾರೆಯೇ? ನಾನು ತಿರುಗಾ ಮುರುಗಾ ಹೇಳಿ, ಕೆ.ಆರ್. ಪೇಟೆಯ ಒಬ್ಬರ ಮನೆಯಲ್ಲಿ ಬೇಡದ ಗೆರೆ ಉಳಿಸಿ ಬೇಕಾದ ಗೋಡೆ ಕತ್ತರಿಸಿದೆ. ಬಚ್ಚಲುಮನೆ ಬೀದಿಗೆ ತೆರೆದುಕೊಂಡಿತು. ಶೇಷಾದ್ರಿಗಳು ಹಿಂದೆ ನಿಂತು ನೋಡಿ, "ಶಿವ ಶಿವಾ" ಎಂದರು. ಅವರು ವೈಷ್ಣವರು, ಆ ಹೆಸರು ಅವರ ಬಾಯಲ್ಲಿ ಬರಬೇಕಾದರೆ ನನ್ನ ಕೆಲಸ ಯಾವ ಮಟ್ಟದ್ದಿರಬೇಕು ನೀವೇ ಊಹಿಸಿ.

ಇನ್ನು ನನ್ನ ಎಮ್ಮೆ. ಕೈಯಲ್ಲಿ ನಾಲ್ಕು ಎಳೆತಕ್ಕೆ ಬರುತ್ತಿದ್ದ ಎಮ್ಮೆ ಕ್ಯಾಡ್‌ನಲ್ಲಿ ಬರಲು ಒಪ್ಪಲೇ ಇಲ್ಲ. ಬಾಗಿದ ಗೆರೆ ಎಳೆಯಬೇಕಾದರೆ ಶುರು ಎಲ್ಲಿ, ನಡು ಎಲ್ಲಿ, ಕೊನೆ ಎಲ್ಲಿ ಎಂದು ಮೂರು ಕಡೆ ಚುಚ್ಚಿ ತೋರಿಸಬೇಕು. ಎಮ್ಮೆಯ ಹೊಟ್ಟೆಗೆ ನಡು ಎಲ್ಲಿ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಮೊದಲ ಎಮ್ಮೆ ಬದನೆಕಾಯಿಯಾಯಿತು. ತಿದ್ದಿದೆ, ತಂಬೂರಿಯಾಯಿತು. ಕೊಂಬು ಹಚ್ಚಿದರೆ ತಂಬೂರಿಗೇ ಕೊಂಬು ಬಂತು. ಬೈದೆ, ಬೇಡಿಕೊಂಡೆ, ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೆ ಎಮ್ಮೆಯ ಆಸೆಯನ್ನೇ ಬಿಟ್ಟೆ. ಚೌಕಟ್ಟಾದ ವಸ್ತುಗಳು ಮಾತ್ರ ನನಗೆ ಬರುತ್ತಿದ್ದವು. ಹಾಗಾಗಿ ಪ್ಲಾನಿನಲ್ಲಿ ಮಂಚ ಬರೆಯುತ್ತಿದ್ದೆ. ಮಂಚ ಬಹಳ ಚೆನ್ನಾಗಿ ಬರುತ್ತಿತ್ತು.

ಸರಿಯಾಗಿ ಇದೇ ಹೊತ್ತಿಗೆ ನನಗೆ ಹೆಣ್ಣು ನೋಡಿದರು.

ಹುಡುಗಿ ಬೂಕನಕೆರೆಯ ಕರೀಗೌಡರ ಮಗಳು. ಕಾಫಿ ತಟ್ಟೆ ಹಿಡಿದು ಬಂದವಳು ತಲೆ ತಗ್ಗಿಸುವ ಬದಲು ನನ್ನ ಕೈಯನ್ನೇ ನೋಡಿದಳು. ಬೆರಳಿನ ತುದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಶಾಯಿಯ ಕಲೆ ಇತ್ತು. ಸಣ್ಣಗೆ ನಕ್ಕಳು. ಅಷ್ಟೇ. ನಾನು ಅಲ್ಲೇ ಬಿದ್ದುಹೋದೆ. ಈಗ ಇದನ್ನೆಲ್ಲ ಬರೆಯುವಾಗಲೂ ಆ ನಗು ನೆನೆಸಿಕೊಂಡರೆ ಎದೆ ಸ್ವಲ್ಪ ಹಗುರವಾಗುತ್ತದೆ.

ಆದರೆ ಒಪ್ಪಿಗೆ ಕರೀಗೌಡರ ಕೈಯಲ್ಲಿತ್ತು. ಭಾರಿ ಆಳು, ಭಾರಿ ಮೀಸೆ. ಅವರು ನೇರವಾಗಿಯೇ ಹೇಳಿದರು.

"ನೋಡಪ್ಪ, ಸಿಂಧಘಟ್ಟದಿಂದ್ಲೂ ಒಂದ್ ಗಂಡು ಬಂದ್ ಓಗೈತೆ. ಮನೇಲಿ ಎಲ್ಡು ಟ್ರಾಕ್ಟರು. ನಿನ್ ತಾವ ಏನೈತೆ?"

ನನ್ನ ಸೋದರಮಾವ ನನ್ನ ಪರವಾಗಿ, "ಕಂಪೂಟ್ರಲ್ಲಿ ಪಿಲಾನ್ ಬರೀತಾನೆ ಕಣಣ್ಣ. ಇಡೀ ತಾಲೂಕಲ್ಲೇ ಇವ್ನೊಬ್ನೆ" ಎಂದುಬಿಟ್ಟರು. ಅದು ನಿಜ. ಇಡೀ ತಾಲ್ಲೂಕಿನಲ್ಲಿ ಬಚ್ಚಲನ್ನು ಬೀದಿಗೆ ತೆರೆದವನೂ ನಾನೊಬ್ಬನೇ.

ಗೌಡರು ಮೀಸೆ ಸವರಿದರು. "ಅಂಗಾರೆ ಇಂಗ್ ಮಾಡು. ಮನೆ ಕಟ್ಟುಸ್ಬೇಕು ಅಂತಿವ್ನಿ. ಆ ಕಂಪೂಟ್ರಲ್ಲೇ ಒಂದ್ ಪಿಲಾನ್ ಬರ್ಕೊಂಡ್ ಬಾ. ಪಿಲಾನ್ ಸಂದಾಗಿದ್ರೆ ಗುದ್ದಲಿಪೂಜೆ ದಿಸ್ವೇ ಒಪ್ಪುವೀಳ್ಯ. ಸಂದಾಗಿಲ್ದಿದ್ರೆ ಸಿಂಧಘಟ್ಟ."

ಮನೆಯಲ್ಲಿ ಏನೇನಿರಬೇಕು ಎಂದು ಗೌಡರ ತಾಯಿ ತಾಯಮ್ಮ ಹೇಳಿದರು. ಬೆನ್ನು ಬಾಗಿದ್ದರೂ ದನಿ ಬಾಗದ ಮುದುಕಿ. ಅವರ ಪಟ್ಟಿಯಲ್ಲಿ ಮೊದಲು ಬಂದದ್ದು ಕೊಟ್ಟಿಗೆ. ಅವರಲ್ಲಿ ಚೆಲುವಿ ಎಂಬ ಎಮ್ಮೆ ಇತ್ತು, ಮನೆ ನಡೆಯುತ್ತಿದ್ದುದೇ ಅದರ ಹಾಲಿನಲ್ಲಿ. ಆಮೇಲೆ ಅಡುಗೆಮನೆ, ನಡುಮನೆ, ದೇವರ ಕೋಣೆ. ಎಲ್ಲ ಮುಗಿದ ಮೇಲೆ ಗೌಡರು ಸ್ವಲ್ಪ ದನಿ ತಗ್ಗಿಸಿ, "ಅಬ್ಬ ಉಣ್ಣಿಮೆಗೆ ಮಗ್ಳು ಅಳೀಮಯ್ಯ ಬಂದ್ರೆ ಮಲಗಕ್ಕೆ ಒಂದ್ ರೂಮು ಇರ್ಲಿ. ಕೊಟ್ಗೆ ಪಕ್ಕದಲ್ಲಿ ಒಸಿ ಜಾಗ ಐತೆ" ಎಂದರು.

ಅಳಿಯನ ರೂಮು! ಅಳಿಯ ಯಾರು ಎಂದು ಇನ್ನೂ ತೀರ್ಮಾನವಾಗಿರಲಿಲ್ಲ, ನಿಜ. ಆದರೆ ಪ್ಲಾನು ನನ್ನ ಕೈಯಲ್ಲಿತ್ತಲ್ಲ.

ಪಾಂಡವಪುರಕ್ಕೆ ಬಂದವನೇ ಕುಳಿತೆ. ಬೇರೆ ಕೋಣೆಗಳೆಲ್ಲ ಹೇಗೋ ಆದವು. ಅಳಿಯನ ರೂಮಿಗೆ ಬಂದಾಗ ಅದನ್ನು ಚೆನ್ನಾಗಿ ನೋಡೋಣವೆಂದು ಕಂಪ್ಯೂಟರಿನ ಪರದೆಯ ತುಂಬ ದೊಡ್ಡದು ಮಾಡಿಕೊಂಡೆ. ಈ ಕ್ಯಾಡ್‌ನ ಮಾಯೆಯೇ ಇದು: ಹಾಳೆಯ ಮೇಲಾದರೆ ಇಡೀ ಮನೆ ಕಣ್ಣೆದುರು ಇರುತ್ತದೆ, ಇಲ್ಲಿ ಒಂದು ಕೋಣೆಯನ್ನು ಹತ್ತಿರ ತಂದುಕೊಂಡರೆ ಪಕ್ಕದ ಕೋಣೆ ಪರದೆಯಿಂದಾಚೆ ಹೋಗಿಬಿಡುತ್ತದೆ. ರೂಮಿನಲ್ಲಿ ಒಂದು ಮಂಚ ಬರೆದೆ. ಮಂಚ ಎಂದೂ ಇಲ್ಲದಷ್ಟು ಚೆನ್ನಾಗಿ ಬಂತು. ಆದರೆ ಅದರ ಪಕ್ಕ ನಡೆಯಲು ಜಾಗ ಸಾಲದು ಅನ್ನಿಸಿತು. ಸರಿ, ಹಿಗ್ಗಿಸುವ ಅಪ್ಪಣೆ ಕೊಟ್ಟೆ. ಒಂದಡಿ ಸರಿಸೋಣವೆಂದು ಗೋಡೆಯನ್ನು ಹಿಡಿದೆ. ಗೋಡೆ ಮೌಸಿಗೆ ಅಂಟಿಕೊಂಡು ಬಂತು. ಸರಿದಷ್ಟೂ ರೂಮಿಗೆ ಕಳೆ ಬರತೊಡಗಿತು. ಒಂದು ಬೀರು ಇಡಬಹುದು. ಭಾಗ್ಯಳಿಗೆ ಒಂದು ಕನ್ನಡಿ ಇಡಬಹುದು. ಮುಂದೆ ಒಂದು ತೊಟ್ಟಿಲೂ ಇಡಬಹುದಲ್ಲ ಎಂದುಕೊಳ್ಳುತ್ತಿರುವಾಗ ಶೇಷಾದ್ರಿಗಳು ಹಿಂದಿನಿಂದ ಕೆಮ್ಮಿದರು. ನಾನು ಬೆಚ್ಚಿ ಬಟನ್ ಒತ್ತಿದೆ. ಗೋಡೆ ಅಲ್ಲೇ ನಿಂತುಬಿಟ್ಟಿತು.

ಎಲ್ಲಿ ನಿಂತಿತು, ಯಾರ ಜಾಗದಲ್ಲಿ ನಿಂತಿತು ಎಂದು ನಾನು ನೋಡಲಿಲ್ಲ. ನೋಡಿದ್ದರೂ ಹಿಂದಕ್ಕೆ ತರುವ ವಿದ್ಯೆ ಮೈಸೂರಿನ ಬಸ್ಸಿನಲ್ಲಿ ಹೋಗಿತ್ತು. ಕೊಟ್ಟಿಗೆಯಲ್ಲಿ ಎಂದಿನಂತೆ ಒಂದು ಎಮ್ಮೆ ಬರೆದಿದ್ದರೆ ಅದರ ಹೊಟ್ಟೆಯ ಮೇಲೆ ಗೋಡೆ ಬಂದದ್ದು ತಕ್ಷಣ ಕಾಣುತ್ತಿತ್ತು. ಎಮ್ಮೆಯನ್ನು ಬಿಟ್ಟು ಮಂಚವನ್ನು ನೆಚ್ಚಿಕೊಂಡವನಿಗೆ ಏನು ಕಾಣಬೇಕು?

ಪ್ಲಾನನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಲು ಫ್ಲಾಪಿಯನ್ನು ಊಟದ ಡಬ್ಬಿಯಲ್ಲಿ ಭದ್ರವಾಗಿ ಇಟ್ಟುಕೊಂಡು ಮೈಸೂರಿಗೆ ಹೋದೆ. ಮೊದಲನೆಯ ಹಾಳೆಯಲ್ಲಿ ಅಕ್ಷರಗಳು ಬಸ್ಸಿನ ಬೋರ್ಡಿನಷ್ಟು ದಪ್ಪವಾಗಿ ಮನೆಯನ್ನೇ ಮುಚ್ಚಿದವು. ಸಣ್ಣ ಮಾಡಿಸಿದೆ. ಎರಡನೆಯ ಹಾಳೆಯಲ್ಲಿ ಅಕ್ಷರ, ಅಂಕಿ ಎಲ್ಲ ಸಾಸಿವೆ ಕಾಳಾದವು. ಗೆರೆಗಳು ಮಾತ್ರ ಕೂದಲಿನಷ್ಟು ನಯವಾಗಿ, ಒಂದು ಕಲೆಯಿಲ್ಲದೆ, ಬ್ಲೇಡಿನ ಒಂದು ಗಾಯವೂ ಇಲ್ಲದೆ ಬಂದಿದ್ದವು. ಶೇಷಾದ್ರಿಗಳು ಅದನ್ನು ಬೆಳಕಿಗೆ ಹಿಡಿದು, "ಆಹಾ" ಎಂದು ಕಣ್ಣು ಮುಚ್ಚಿಕೊಂಡೇ ರುಜು ಹಾಕಿದರು.

ಗೌಡರ ಮನೆಯಲ್ಲೂ "ಆಹಾ" ಎಂದರು. ಬೀದಿಯವರೆಲ್ಲ ಬಂದು ನೋಡಿದರು. ತಾಯಮ್ಮ ಮಾತ್ರ ಹಾಳೆಯನ್ನು ತಿರುಗಿಸಿ ಮುರುಗಿಸಿ, "ಎಮ್ಮೆ ಎಲ್ಲೈತೆ?" ಎಂದರು.

"ಕಂಪ್ಯೂಟರಿನಲ್ಲಿ ಎಮ್ಮೆ ಬರೋಲ್ಲ ಅವ್ವ" ಎಂದೆ.

"ಯಾಕೆ? ಒಳೀಕ್ ಬುಡಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುದುಕಿ ನಗಲಿಲ್ಲ.

ಗುದ್ದಲಿಪೂಜೆಯ ದಿನ ಬಂತು. ನಮ್ಮ ಕಡೆ ಪಾಯ ಅಗೆಯುವ ಮೊದಲು ಮೇಸ್ತ್ರಿ ಗೂಟ ಹೊಡೆದು, ದಾರ ಕಟ್ಟಿ, ಪ್ಲಾನಿನ ಪ್ರಕಾರ ನೆಲದ ಮೇಲೆ ಸುಣ್ಣದ ಪುಡಿ ಉದುರಿಸಿ ಮನೆಯನ್ನು ಬರೆಯುತ್ತಾನೆ. ಬರೆದಾದ ಮೇಲೆ ಮನೆಮಂದಿಯೆಲ್ಲ ಅದರೊಳಗೆ ಓಡಾಡಿ ನೋಡುವುದು ವಾಡಿಕೆ. ಮೇಸ್ತ್ರಿ ನನ್ನ ಸಾಸಿವೆ ಅಂಕಿಗಳನ್ನು ಊರಿನ ಮೂರು ಕನ್ನಡಕ ಬದಲಾಯಿಸಿ ಓದಿ, ಬೆಳಿಗ್ಗೆಯೇ ಸುಣ್ಣ ಹಾಕಿ ಮುಗಿಸಿದ್ದ. ಒಂದು ಕಡೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಸಿದ್ಧವಾಗಿದ್ದವು. ನನ್ನ ಕಣ್ಣೆಲ್ಲ ಆ ತಟ್ಟೆಯ ಮೇಲೇ.

ತಾಯಮ್ಮನ ದೃಷ್ಟಿಯಲ್ಲಿ ಸುಣ್ಣ ಬಿದ್ದಮೇಲೆ ಅದು ಮನೆಯೇ. ಶೇಷಾದ್ರಿಗಳು ರೇಷ್ಮೆ ಪಂಚೆ ಎತ್ತಿಕೊಂಡು ಗೆರೆ ದಾಟಿ ನೇರವಾಗಿ ನಡುಮನೆಗೆ ಬಂದರು.

"ಅಯ್ಯೋ ಸ್ವಾಮೇರಾ! ಗ್ವಾಡೇಲಿ ಬತ್ತಿದ್ದೀರಲ್ಲ! ಬಾಗ್ಲು ಆ ಕಡೀಕೈತೆ."

ಪಾಪ, ಇಂಜಿನಿಯರು ಗಾಬರಿಯಾಗಿ ಹಿಂದಕ್ಕೆ ಹೋಗಿ, ಸುಣ್ಣ ಬಿಟ್ಟಿದ್ದ ಜಾಗದಲ್ಲಿ ಚಪ್ಪಲಿ ಕಳಚಿ, ತಲೆ ತಗ್ಗಿಸಿಯೇ ಒಳಗೆ ಬಂದರು. ಮುದುಕಿ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಇಲ್ಲದ ಒಲೆ ಊದಿದರು. ತಮ್ಮ ಕೋಣೆಯಲ್ಲಿ ಬಯಲು ನೆಲದ ಮೇಲೆ ಮಲಗಿ, ಕಾಲು ಚಾಚಿ, "ಸರ್‍ಯಾಗೈತೆ" ಎಂದರು. ನನ್ನ ಜೀವ ತಣ್ಣಗಾಯಿತು. ಗೌಡರು ತಟ್ಟೆಯ ಕಡೆ ಕೈ ಚಾಚಿದರು.

"ತಡೀಲಾ ಕರಿಯ. ನಾವೆಲ್ಲಾ ನೋಡಾಯ್ತು. ಆ ಮನೇಲಿರೋಳು ಇನ್ನೂ ನೋಡಿಲ್ವಲ್ಲ" ಎಂದರು ತಾಯಮ್ಮ. "ಭಾಗ್ಯಾ, ಚೆಲ್ವೀನ್ ಇಡ್ಕೊಂಡ್ ಬಾರವ್ವ."

ಚೆಲುವಿ ಭಾಗ್ಯಳನ್ನು ಬಿಟ್ಟರೆ ಯಾರ ಮಾತೂ ಕೇಳುವುದಿಲ್ಲವಂತೆ. ಅವಳು ಹಗ್ಗ ಹಿಡಿದು ಮುಂದೆ, ಚೆಲುವಿ ಹಿಂದೆ. ಒಳ್ಳೆ ಮನೆತನದ ಎಮ್ಮೆ; ಯಾರೂ ಹೇಳದೆಯೇ ಬಾಗಿಲಿನಿಂದಲೇ ಕೊಟ್ಟಿಗೆಗೆ ಬಂತು. ಇಷ್ಟು ವರ್ಷ ನೂರಾರು ಎಮ್ಮೆ ಬರೆದಿದ್ದರೂ ಒಂದು ಎಮ್ಮೆ ನನ್ನ ಪ್ಲಾನಿನೊಳಗೆ ತಾನೇ ನಡೆದು ಬರುವುದನ್ನು ನೋಡಿದ್ದು ಅವತ್ತೇ. ಬಂದು ನಿಂತಿತು. ನಿಂತ ಮೇಲೆ ನೋಡಿದರೆ, ಅದರ ಮುಂಭಾಗ ಆಚೆಯ ಗೋಡೆಯನ್ನು ದಾಟಿ ಪಕ್ಕದವರ ಹುಲ್ಲುಮೆದೆಗೆ ಬಾಯಿ ಹಾಕಿತ್ತು. ಹಿಂಭಾಗ ಈಚೆಯ ಗೋಡೆಯನ್ನು ದಾಟಿ ಇನ್ನೊಂದು ಕೋಣೆಯಲ್ಲಿತ್ತು. ಹೊಟ್ಟೆಯೊಂದು ಮಾತ್ರ ಕೊಟ್ಟಿಗೆಯಲ್ಲಿತ್ತು.

"ತಿರುಗ್ಸವ್ವ" ಎಂದರು ಮುದುಕಿ.

ಭಾಗ್ಯ ಹಗ್ಗ ಎಳೆದಳು. ಚೆಲುವಿ ತಿರುಗಲು ನೋಡಿತು. ಒಂದು ಗೋಡೆ ಕಾಲಿನಲ್ಲಿ ಅಳಿಸಿಹೋಯಿತು. ಇನ್ನು ತನ್ನಿಂದ ಆಗದೆಂದು ಅಲ್ಲೇ ನಿಂತು, ಬಾಲ ಎತ್ತಿ, ಆ ಇನ್ನೊಂದು ಕೋಣೆಯ ನಟ್ಟನಡುವೆ ಧಾರಾಳವಾಗಿ ಸಗಣಿ ಹಾಕಿತು.

ಸಗಣಿ ಬಿದ್ದ ಜಾಗ ಸರಿಯಾಗಿ ನಾನು ಮಂಚ ಬರೆದಿದ್ದ ಜಾಗ. ಅದು ನನಗೊಬ್ಬನಿಗೇ ಗೊತ್ತಿತ್ತು.

ಶೇಷಾದ್ರಿಗಳು ಗಂಟಲು ಸರಿಮಾಡಿಕೊಂಡು, "ಗೌಡರೇ, ನಿಮ್ಮ ಎಮ್ಮೆ ಸ್ವಲ್ಪ ದಪ್ಪ ಅಲ್ಲವೇ?" ಎಂದರು. ಕಂಪ್ಯೂಟರಿನ ಮೇಲೆ ಅವರಿಗಿದ್ದ ನಂಬಿಕೆ ಅಂಥದ್ದು.

ಗೌಡರ ಮೀಸೆ ನಡುಗಿತು. "ನಮ್ಮೆಮ್ಮೆ ಅದ್ರ ಪಾಡಿಗ್ ಅದೈತೆ! ಅದ್ರ ಜಾಗ ತಿಂದವ್ರ್ ಯಾರು ಯೇಳಿ. ಯಾವ್ದಿದು ಪಕ್ಕದ್ ರೂಮು, ಇಷ್ಟ್ ಅಗಲ? ಮದ್ವೆ ಛತ್ರವಾ?"

ಮೇಸ್ತ್ರಿ ಪ್ಲಾನನ್ನು ಕಣ್ಣಿಗೆ ಅಂಟಿಸಿಕೊಂಡು, ಒಂದೊಂದೇ ಸಾಸಿವೆಯನ್ನು ಹೆಕ್ಕಿ ಓದಿದ. "ಇದು... ಅಳಿಯಂದ್ರ ರೂಮು ಗೌಡ್ರೇ."

ಊರಿನ ಅಷ್ಟೂ ಜನ ನನ್ನ ಕಡೆ ತಿರುಗಿದರು. ಚೆಲುವಿಯೂ ಮೆಲುಕು ನಿಲ್ಲಿಸಿ ತಿರುಗಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಆದರೆ ಗುದ್ದಲಿಪೂಜೆ ಇನ್ನೂ ಆಗಿರಲಿಲ್ಲ. ಗೌಡರು ವೀಳ್ಯದ ತಟ್ಟೆಯನ್ನು ಎತ್ತಿ, "ಇದನ್ನ ಒಳೀಕ್ ಮಡಗ್ರಲಾ" ಎಂದು ಯಾರ ಕೈಗೋ ಕೊಟ್ಟರು. ನನ್ನ ಕಣ್ಣಿಗೆ ಸಿಂಧಘಟ್ಟದ ಎರಡು ಟ್ರಾಕ್ಟರುಗಳು ಸಾಲಾಗಿ ಬರುತ್ತಿರುವುದು ಕಂಡಿತು. ತಮಾಷೆಗೆ ಹೇಳುತ್ತಿದ್ದೇನೆ, ಆದರೆ ಆ ಗಳಿಗೆಯಲ್ಲಿ ನಿಜವಾಗಿಯೂ ನನಗೆ ಅಳು ಬಂದಿತ್ತು.

ಆಗ ಭಾಗ್ಯ ಹಗ್ಗವನ್ನು ಅಜ್ಜಿಯ ಕೈಗೆ ಕೊಟ್ಟಳು. ಕೊಟ್ಟಿಗೆಗೂ ಅಳಿಯನ ರೂಮಿಗೂ ನಡುವೆ ಇದ್ದ ಸುಣ್ಣದ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಅಂಗಾಲಿನಲ್ಲಿ ಉಜ್ಜುತ್ತ ಹೋದಳು. ನಾನು ಸ್ಲೇಟು ಒರೆಸುತ್ತಿದ್ದೆನಲ್ಲ, ಅಷ್ಟೇ ಸಲೀಸಾಗಿ. ಆಮೇಲೆ ಮೇಸ್ತ್ರಿಯ ಮಂಕರಿಯಿಂದ ಒಂದು ಹಿಡಿ ಸುಣ್ಣ ತೆಗೆದು, ಸಗಣಿಯನ್ನೂ ದಾಟಿ ಈಚೆಗೆ ಬಂದು, ಅಳಿಯನ ರೂಮನ್ನು ಅರ್ಧಕ್ಕರ್ಧ ಮಾಡಿ ಹೊಸ ಗೆರೆ ಎಳೆದಳು. ಗೆರೆ ಸ್ವಲ್ಪ ಸೊಟ್ಟಗಿತ್ತು.

"ಏನವ್ವಾ ಇದು?" ಎಂದರು ಗೌಡರು.

"ಎಮ್ಮೆ ವರ್ಸೆಲ್ಲಾ ಇರ್ತದೆ ಕಣಪ್ಪ," ಎಂದಳು ಅವಳು ಕೈಯ ಸುಣ್ಣ ಕೊಡವುತ್ತ. "ಇವ್ರು ಅಬ್ಬುಕ್ಕೆ ಎಲ್ಡ್ ದಿನ ಬರೋರು. ಇಷ್ಟು ಸಾಕು ಬುಡು ಇವ್ರಿಗೆ."

ಇವರು! ಸಿಂಧಘಟ್ಟದವರಲ್ಲ, ಅಲ್ಲಿ ನಿಂತಿದ್ದ ನನ್ನ ಕಡೆಗೇ ಗಲ್ಲ ಎತ್ತಿ ತೋರಿಸಿ ಹೇಳಿದ್ದಳು. ನನಗೆ ಅರ್ಥವಾಗುವ ಮೊದಲೇ ತಾಯಮ್ಮನಿಗೆ ಅರ್ಥವಾಗಿ, ಬೊಚ್ಚುಬಾಯಿ ತೆರೆದು ನಗತೊಡಗಿದರು. "ನೋಡ್ಲಾ ಕರಿಯ, ನಿನ್ ಮಗ್ಳು ಮನೇನೂ ತಿದ್ಬುಟ್ಳು, ಗಂಡ್ನೂ ತಿದ್ಬುಟ್ಳು. ತಟ್ಟೆ ತರ್‍ಸು." ಗೌಡರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಮೀಸೆಯೊಳಗೇ ನಕ್ಕುಬಿಟ್ಟರು. ಒಳಗೆ ಹೋಗಿದ್ದ ತಟ್ಟೆ ಹೊರಗೆ ಬಂತು. ಅಲ್ಲಿಯವರೆಗೆ 'ಗೌಡ್ರೇ' ಎನ್ನಬೇಕೋ 'ಮಾವ' ಎನ್ನಬೇಕೋ ತಿಳಿಯದೆ ಎರಡನ್ನೂ ನುಂಗುತ್ತಿದ್ದ ನಾನು, ವೀಳ್ಯ ತೆಗೆದುಕೊಳ್ಳುವಾಗ ಮೊದಲ ಸಲ ಬಾಯಿ ಬಿಟ್ಟು "ಮಾವ" ಎಂದೆ. ಚೆಲುವಿ ಹುಲ್ಲುಮೆದೆಯನ್ನು ಕಾಲುಭಾಗ ಮುಗಿಸಿತ್ತು.

ಮನೆ ಆಯಿತು, ಮದುವೆ ಆಯಿತು. ಮೈಸೂರಿನ ಯುವಕ ಅರ್ಧಕ್ಕೆ ಬಿಟ್ಟುಹೋಗಿದ್ದ ವಿದ್ಯೆಯೂ ಆಮೇಲೆ ಸಿಕ್ಕಿತು: ಒಂದೇ ಒಂದು ಅಕ್ಷರ ಒತ್ತಿದರೆ ಸಾಕು, ಮಾಡಿದ ತಪ್ಪುಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಹೋಗುತ್ತವೆ. ಇಷ್ಟು ಸುಲಭವಾಗಿದ್ದನ್ನು ತಿಳಿದ ದಿನ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಕ್ಯಾಡನ್ನು ಪೂರ್ತಿ ಕಲಿತು, ಎಮ್ಮೆಯನ್ನೂ ಬರೆದೆ.

ಬೂಕನಕೆರೆಯ ಆ ರೂಮು ಈಗಲೂ ಭಾಗ್ಯ ಗೆರೆ ಹಾಕಿದಷ್ಟೇ ಇದೆ. ಹಬ್ಬಕ್ಕೆ ಹೋದಾಗ ಮಂಚದ ಮೇಲೆ ನಾನು ಕಾಲು ಚಾಚಿದರೆ ಗೋಡೆಗೆ ತಾಗುತ್ತದೆ. ಗೋಡೆಯಾಚೆ ಚೆಲುವಿಯ ಮರಿಮಗಳೋ ಯಾರೋ ಇದ್ದಾಳೆ. ಅವಳು ಆರಾಮವಾಗಿ ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ ತಿರುಗುವ ಸದ್ದು ನನಗೆ ಕೇಳಿಸುತ್ತದೆ. ಬೇಕೆಂದೇ ತಿರುಗುತ್ತಾಳೆ ಎಂದು ನನ್ನ ಅನುಮಾನ.

ಆಯುಧಪೂಜೆಯ ಮಂಗಳಾರತಿ ಮುಗಿದ ಮೇಲೆ ಮಣೆಯ ಮೇಲಿದ್ದ ಲ್ಯಾಪ್‌ಟಾಪನ್ನು ತೆಗೆದು, ಕುಂಕುಮ ಒರೆಸಿ, ಆ ಹಳೆಯ ಮನೆಯ ಪ್ಲಾನನ್ನು ಹೊಸದಾಗಿ ಬರೆದು ಭಾಗ್ಯಳನ್ನು ಕರೆದೆ. ಕೊಟ್ಟಿಗೆಯಲ್ಲಿ ಮೇಲಿನಿಂದ ನೋಡಿದ ಎಮ್ಮೆ, ಬಾಲ ಸಮೇತ. "ನೋಡೇ, ಈಗ ಈ ಗೋಡೇನ ಒಂದೇ ಒಂದಡಿ ಸರಿಸಿದ್ರೆ ನಾವಿಬ್ಬರೂ ಕಾಲು ಚಾಚಬಹುದು" ಎಂದು ಗೋಡೆ ಹಿಡಿದು ಎಳೆದೆ. ಗೋಡೆ ಸರಿದು ಎಮ್ಮೆಯ ಬಾಲದ ಮೇಲೆ ನಿಂತಿತು.

ಭಾಗ್ಯ ನನ್ನ ಹೆಗಲ ಮೇಲಿಂದ ಬಾಗಿ ಪರದೆಯನ್ನು ನೋಡಿದಳು. ಕುಂಕುಮದ ಬೆರಳನ್ನು ಚಾಚಿ, ಇಷ್ಟು ವರ್ಷ ನಾನು ಒತ್ತುವುದನ್ನು ನೋಡಿ ನೋಡಿ ಕಲಿತಿದ್ದ ಆ ಒಂದು ಅಕ್ಷರವನ್ನು ತಾನೇ ಒತ್ತಿದಳು.